21 ಅಂಕಿಗಳ ಸಂಯುಕ್ತ ಸಂಖ್ಯೆಯನ್ನು ಒಡೆಯುವುದು ಹೇಗೆ?

ಒಂದು ಸಂಖ್ಯೆ ಸಂಯುಕ್ತವೆಂದು ತಿಳಿಯುವುದು ಬೇರೆ, ಅದರ ಅಪವರ್ತನಗಳನ್ನು ಕೈಗೆ ತಂದುಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ಮನಗಾಣಲು 2ರ 67ನೇ ಘಾತದಿಂದ 1ನ್ನು ಕಳೆದಾಗ ಬರುವ 147573952589676412927 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಫ್ರೆಂಚ್ ವಿದ್ವಾಂಸ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಅದು ತಪ್ಪೆಂದು ಫ್ರೆಂಚ್ ಗಣಿತಜ್ಞ ಲ್ಯೂಕಾಸ್ 1876ರಲ್ಲಿ ಸಾಧಿಸಿದನಾದರೂ ಒಂದು ಅಪವರ್ತನವನ್ನೂ ಹೇಳಲಾಗಲಿಲ್ಲ. ಅವುಗಳನ್ನು 1903ರಲ್ಲಿ ಮುಂದಿಟ್ಟವನು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್.

ಮೊದಲು ಸುಲಭದ ಪರೀಕ್ಷೆಗಳನ್ನು ಮುಗಿಸಿ. ಕೊನೆಯ ಅಂಕಿ 7 ಆದ್ದರಿಂದ 2 ಮತ್ತು 5 ಇದನ್ನು ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 109 ಆದ್ದರಿಂದ 3 ಕೂಡ ಭಾಗಿಸದು. ಫರ್ಮಾನ ಪರೀಕ್ಷೆಯನ್ನು 2ರ ಆಧಾರದಲ್ಲಿ ಮಾಡಿ ನೋಡುವ ಆಸೆಯಾಗಬಹುದು: ಸಂಖ್ಯೆಗಿಂತ ಒಂದು ಕಡಿಮೆಯಷ್ಟು ಘಾತಕ್ಕೆ 2ನ್ನು ಏರಿಸಿ ಆ ಸಂಖ್ಯೆಯಿಂದಲೇ ಭಾಗಿಸಿದಾಗ, ಸಂಖ್ಯೆ ಬೆಸ ಅವಿಭಾಜ್ಯವಾಗಿದ್ದರೆ ಶೇಷ 1 ಬರಬೇಕು. ಆದರೆ ಇಲ್ಲಿ ಅದು ಮೋಸಮಾಡುತ್ತದೆ. ನಮ್ಮ ಸಂಖ್ಯೆಯಿಂದ 1ನ್ನು ಕಳೆದರೆ ಉಳಿಯುವುದು 67ರ ಗುಣಕವಾಗಿರುವುದರಿಂದ, ಸಂಖ್ಯೆ ಸಂಯುಕ್ತವಾಗಿದ್ದರೂ ಶೇಷ 1 ಬಂದೇ ಬರುತ್ತದೆ. ನಂಬಬಹುದಾದದ್ದು ಲ್ಯೂಕಾಸ್–ಲೆಹ್ಮರ್ ಪರೀಕ್ಷೆ: 4ರಿಂದ ಆರಂಭಿಸಿ, ವರ್ಗಮಾಡಿ 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳುವ ಕ್ರಿಯೆಯನ್ನು 65 ಸಲ ಮಾಡಬೇಕು. ಕೊನೆಯಲ್ಲಿ ಸೊನ್ನೆ ಬಾರದಿದ್ದರೆ ಸಂಖ್ಯೆ ಸಂಯುಕ್ತ. ಇಲ್ಲಿ ಸೊನ್ನೆ ಬರುವುದಿಲ್ಲ. ಆದರೆ ಅಪವರ್ತನಗಳ ಸುಳಿವೂ ಸಿಗುವುದಿಲ್ಲ.

ಇನ್ನು ನಿಜವಾದ ಹುಡುಕಾಟ. ಯಾವುದೋ ಅವಿಭಾಜ್ಯ ಸಂಖ್ಯೆ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2ರ ಘಾತಗಳನ್ನು ಅದರಿಂದ ಭಾಗಿಸುತ್ತ ಹೋದರೆ ಪ್ರತಿ 67 ಹೆಜ್ಜೆಗೊಮ್ಮೆ ಶೇಷ 1 ಬರುತ್ತದೆ. ಫರ್ಮಾನ ಪ್ರಮೇಯದಂತೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಯಲ್ಲೂ 1 ಬರಲೇಬೇಕು. 67 ಸ್ವತಃ ಅವಿಭಾಜ್ಯವಾದ್ದರಿಂದ ಎರಡೂ ಹೊಂದಬೇಕಾದರೆ ಅಪವರ್ತನವು 67ರ ಗುಣಕಕ್ಕಿಂತ ಒಂದು ಹೆಚ್ಚಿನದಾಗಿರಬೇಕು; ಅದು ಬೆಸವೂ ಆಗಿರುವುದರಿಂದ, 67ರ ಎರಡರಷ್ಟಾದ 134ರ ಗುಣಕಕ್ಕಿಂತ ಒಂದು ಹೆಚ್ಚಿನದಾಗಿರಬೇಕು. ಜೊತೆಗೆ 8ರಿಂದ ಭಾಗಿಸಿದಾಗ ಅದಕ್ಕೆ 1 ಅಥವಾ 7 ಶೇಷ ಬರಬೇಕೆಂಬ ಇನ್ನೊಂದು ನಿಯಮವೂ ಇದೆ. ಎರಡು ಜರಡಿಗಳನ್ನೂ ದಾಟುವ ಮೊದಲ ಸಂಖ್ಯೆಗಳು 135, 537, 671, 1073, 1207. ಇವು ಯಾವುವೂ ಅವಿಭಾಜ್ಯಗಳಲ್ಲ. ಹೀಗಾಗಿ ಪರೀಕ್ಷಿಸಬೇಕಾದ ಮೊದಲ ಅಭ್ಯರ್ಥಿ 1609.

ಇದನ್ನು ಪರೀಕ್ಷಿಸಲು 21 ಅಂಕಿಗಳ ಭಾಗಾಕಾರ ಬೇಕಿಲ್ಲ. 2ರ 8ನೇ ಘಾತ 256. ಅದರ ವರ್ಗವನ್ನು 1609ರಿಂದ ಭಾಗಿಸಿದರೆ ಶೇಷ 1176. ಮತ್ತೆ ವರ್ಗಮಾಡಿ ಭಾಗಿಸಿದರೆ 845, ಇದು 32ನೇ ಘಾತದ ಶೇಷ. ಇಮ್ಮಡಿಸಿದರೆ 33ನೆಯದಕ್ಕೆ 81, ಅದರ ವರ್ಗದಿಂದ 66ನೆಯದಕ್ಕೆ 125, ಇನ್ನೊಮ್ಮೆ ಇಮ್ಮಡಿಸಿದರೆ 67ನೆಯದಕ್ಕೆ 250. ಶೇಷ 1 ಬರಲಿಲ್ಲವಾದ್ದರಿಂದ 1609ನ್ನು ಕೈಬಿಡಬೇಕು. ಮುಂದಿನ ಅಭ್ಯರ್ಥಿಗಳಿಗೂ ಇದೇ ಕ್ರಮ. ಕಾಗದದ ಮೇಲೆ ಇದನ್ನು ಮುಂದುವರಿಸುವವರಿಗೆ ತಾಳ್ಮೆ ಬೇಕು, ಏಕೆಂದರೆ ಮೊದಲು ಸಿಗುವ ಅಪವರ್ತನ 193707721. ಅದನ್ನು ತಲುಪಲು 134ರ 1445580ನೇ ಗುಣಕದವರೆಗೂ ಹೋಗಬೇಕು. ಕಂಪ್ಯೂಟರಿಗೆ ಈ ಕೆಲಸ ಕ್ಷಣಗಳದ್ದು.

ಇನ್ನೊಂದು ಅಪವರ್ತನ 761838257287. ಎರಡೂ ಅವಿಭಾಜ್ಯಗಳೇ. ತಾಳೆ ನೋಡುವಾಗ ಮೊದಲು 9ರ ಶೇಷಗಳನ್ನು ಹೋಲಿಸಿ: ಎರಡು ಅಪವರ್ತನಗಳಿಗೂ ಶೇಷ 1, ಗುಣಲಬ್ಧಕ್ಕೂ 1. ಅಂಕಿಗಳು ಅದಲುಬದಲಾದರೆ ಈ ತಾಳೆ ಅದನ್ನು ಗುರುತಿಸದು. ಆದ್ದರಿಂದ 11ರ ಶೇಷಗಳನ್ನೂ ನೋಡುವುದು ಒಳ್ಳೆಯದು. ಅವು ಕ್ರಮವಾಗಿ 9 ಮತ್ತು 8. ಅವುಗಳ ಗುಣಲಬ್ಧ 72ರ ಶೇಷ 6, ಮೂಲ ಸಂಖ್ಯೆಯದೂ 6. ಇದೂ ಪೂರ್ಣ ಪುರಾವೆಯಲ್ಲ. ಕಡೆಗೆ ಗುಣಾಕಾರವನ್ನೇ ಮಾಡಬೇಕು. ಕೋಲ್ ಕೂಡ ಸಭೆಯ ಮುಂದೆ ಮಾತಿಲ್ಲದೆ ಹಲಗೆಯ ಮೇಲೆ ಅದನ್ನೇ ಮಾಡಿ ತೋರಿಸಿದನೆಂದು ಹೇಳುತ್ತಾರೆ.

ಅಪವರ್ತನಗಳು ತಿಳಿದ ಮೇಲೆ ಉಳಿದ ಗುಣಗಳು ತಾವಾಗಿ ಬರುತ್ತವೆ. ಈ ಸಂಖ್ಯೆಗೆ ಭಾಜಕಗಳು ನಾಲ್ಕೇ. ಸಂಖ್ಯೆಯನ್ನು ಬಿಟ್ಟು ಉಳಿದ ಮೂರನ್ನು ಕೂಡಿದರೆ 762031965009 ಬರುತ್ತದೆ, ಇದು ಮೂಲ ಸಂಖ್ಯೆಯ ಹತ್ತು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ.