ಹೊಸ ಮಾಲೀಕರು, ಹೊಸ ಹೆಸರು, ಹಳೇ ಬೋಲ್ಟು

ಅಮ್ಯೂಸ್‌ಮೆಂಟ್ ಪಾರ್ಕೊಂದರಲ್ಲಿ ರೈಡ್ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು. ಯಾವ ಪಾರ್ಕು ಅಂತ ಕೇಳಬೇಡಿ. ಹಳೇ ಮಾಲೀಕರು ಮಾರಿದರು, ಹೊಸಬರು ಬಂದರು. ಬಂದವರ ಮೊದಲ ಮಾತೇ ಪೇಂಟು. ಬೇಸಿಗೆ ರಜೆ ಶುರುವಾಗುವುದರೊಳಗೆ ಪಾರ್ಕಿಗೆ ಹೊಸ ಹೆಸರು, ಗೇಟಿಗೆ ಹೊಸ ಬೋರ್ಡು, ಒಂದೊಂದು ರೈಡಿಗೂ ಹೊಸ ಬಣ್ಣ. ತಪ್ಪೇನಿಲ್ಲ, ದುಡ್ಡು ಹಾಕಿದವರಿಗೆ ಜನ ಬರಬೇಕು ಅಲ್ವಾ. ಆದರೆ ಪೇಂಟು ಕೊನೇ ಕೆಲಸ ಆಗಲಿ ಅಂತ ನಾನು ಹಟ ಹಿಡಿದೆ.

ವೆಲ್ಡಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಪೇಂಟು ಅದನ್ನು ಮುಚ್ಚಿಬಿಡುತ್ತದೆ. ಅದಕ್ಕೇ ದೊಡ್ಡ ದೋಣಿ ಹಿಂದೆ ಮುಂದೆ ತೂಗುವ ಕೊಲಂಬಸ್ ರೈಡಿನ ತೋಳು ಶಾಫ್ಟಿಗೆ ಸೇರುವ ಕಡೆ ಹಳೇ ಬಣ್ಣ ಕೆರೆಸಿದೆವು. "ಚೆನ್ನಾಗಿರೋ ಬಣ್ಣ ಯಾಕೆ ಸಾರ್ ಸುಮ್ನೆ ಕೆರೀತೀರಿ" ಅಂದರು ಹೊಸ ಮ್ಯಾನೇಜರ್. ಅವರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು ಬಿರುಕು ಹುಡುಕುವ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಮಾಡಿಸಿದೆ. ಜಾಗ ಕ್ಲೀನ್ ಮಾಡಿ, ಕೆಂಪು ದ್ರಾವಣ ಹೊಡೆದು, ಅದು ಒಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆದರೆ, ಬಿರುಕಿದ್ದ ಕಡೆ ಕೆಂಪು ಗೆರೆ ಮೇಲೆದ್ದು ಬರುತ್ತದೆ. ಒಂದು ಕಡೆ ಬಂತು. ಬೆರಳುದ್ದ ಕೂಡ ಇರಲಿಲ್ಲ. ಮ್ಯಾನೇಜರ್ ಆಮೇಲೆ ಬಣ್ಣದ ಮಾತೆತ್ತಲಿಲ್ಲ.

ಡಿಪಿಯಲ್ಲಿ ಕಾಣುವುದು ಮೇಲಿನ ಬಿರುಕು ಮಾತ್ರ. ಪೈಪಿನ ಒಳಗೆ ತುಕ್ಕು ತಿಂದರೆ ಗೊತ್ತಾಗುವುದಿಲ್ಲ. ಅಮೆರಿಕದ ಒಹಾಯೊ ಜಾತ್ರೆಯಲ್ಲಿ 2017ರ ಜುಲೈನಲ್ಲಿ ಫೈರ್ ಬಾಲ್ ರೈಡ್ ಮುರಿದು ಒಬ್ಬ ಸ್ಥಳದಲ್ಲೇ ಸತ್ತು ಏಳು ಜನ ಗಾಯಗೊಂಡರಲ್ಲ, ಅಲ್ಲಿ ಆಗಿದ್ದು ಇದೇ. ಸೀಟುಗಳನ್ನು ಹೊತ್ತ ತೊಲೆ ಒಳಗಿನಿಂದ ತುಕ್ಕು ಹಿಡಿದು ಗೋಡೆ ತೆಳ್ಳಗಾಗಿತ್ತು ಅಂತ ತಯಾರಕರೇ ಹೇಳಿದರು. ಎರಡು ವರ್ಷ ಆದಮೇಲೆ, 2019ರ ಜುಲೈನಲ್ಲಿ, ಅಹಮದಾಬಾದಿನ ಕಾಂಕರಿಯಾದಲ್ಲಿ ಪೆಂಡುಲಂ ರೈಡ್ ಮುರಿದು ಇಬ್ಬರು ಸತ್ತರು. ಹೊಸ ಮಾಲೀಕರ ಮುಂದೆ ಈ ಎರಡನ್ನೂ ಇಟ್ಟು, ಟೊಳ್ಳು ತೊಲೆಗಳಿಗೆಲ್ಲ ಅಲ್ಟ್ರಾಸಾನಿಕ್ ಗೇಜ್ ಹಿಡಿದು ದಪ್ಪ ಅಳೆಸಲು ದುಡ್ಡು ಕೇಳಿದೆ. ಕೊಟ್ಟರು, ಪುಣ್ಯಕ್ಕೆ.

ಅಷ್ಟರಲ್ಲಿ ಆ ಕಡೆ ಮಕ್ಕಳ ರೈಡೊಂದಕ್ಕೆ ಪೇಂಟರ್‌ಗಳು ಯಾರನ್ನೂ ಕೇಳದೆ ಸ್ಪ್ರೇ ಹೊಡೆದುಬಿಟ್ಟಿದ್ದರು. ನಾವು ಟಾರ್ಕ್ ಕೊಟ್ಟ ಮೇಲೆ, ಅಂದರೆ ಅಳತೆಗೆ ತಕ್ಕಷ್ಟು ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಪ್ಲೇಟಿನವರೆಗೆ ಒಂದು ಗೆರೆ ಎಳೆದಿರುತ್ತೇವೆ, ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಬೆಳಗಿನ ಚೆಕಿಂಗ್ ನಡೆಯುವುದೇ ಅದರ ಮೇಲೆ. ಎಲ್ಲ ಗೆರೆ ನೀಲಿ ಬಣ್ಣದ ಅಡಿಗೆ ಹೋಗಿತ್ತು. ಗ್ರೀಸ್ ತುಂಬುವ ನಿಪ್ಪಲ್ ಬಾಯಿಗೂ ಪೇಂಟು, ಸೆನ್ಸರ್ ಮೇಲೂ ಪೇಂಟು. ಎಲ್ಲ ಕೆರೆದು, ಒಂದೊಂದಕ್ಕೂ ಮತ್ತೆ ಟಾರ್ಕ್ ರೆಂಚ್ ಹಾಕಿ, ಹೊಸದಾಗಿ ಗೆರೆ ಎಳೆದೆವು. ಬೈಗುಳ ಇಲ್ಲಿ ಬರೆಯುವುದಿಲ್ಲ.

ಯಾರೂ ಗಮನಿಸದ ಇನ್ನೊಂದು ವಿಷಯ ಲಾಗ್ ಬುಕ್. ಕೊಲಂಬಸ್‌ಗೆ ಹೊಸ ಹೆಸರು ಬಂದ ಕೂಡಲೇ ಆಫೀಸಿನವರು ಹೊಸ ಪುಸ್ತಕ ತೆರೆದು, ಹಳೇದನ್ನು ಗೋಡೌನಿಗೆ ಹಾಕಿದ್ದರು. ಯಾವ ಬೇರಿಂಗ್ ಯಾವಾಗ ಹಾಕಿದ್ದು, ಯಾವ ವೆಲ್ಡ್ ಹಿಂದೆ ರಿಪೇರಿ ಆಗಿತ್ತು, ಎಲ್ಲ ಅದರಲ್ಲೇ. ತಯಾರಕರು ಈ ಭಾಗ ಬದಲಾಯಿಸಿ ಅಂತ ಕಳಿಸುವ ಸೂಚನೆಯಲ್ಲೂ ನಮ್ಮ ಬೋರ್ಡಿನ ಹೆಸರಿರುವುದಿಲ್ಲ, ಮಾಡೆಲ್ಲು, ಸೀರಿಯಲ್ ನಂಬರ್ ಇರುತ್ತದೆ. ಹಾಗಾಗಿ ಈಗ ಪ್ರತಿ ಲಾಗ್ ಬುಕ್ಕಿನ ಮೊದಲ ಪುಟದಲ್ಲಿ ಸೀರಿಯಲ್ ನಂಬರ್ ದಪ್ಪಕ್ಷರದಲ್ಲಿ, ಕೆಳಗೆ ಹಳೇ ಹೆಸರು, ಹೊಸ ಹೆಸರು ಎರಡೂ.

ಕೊಲಂಬಸ್‌ನ ಬಿರುಕು ಬಿಟ್ಟ ವೆಲ್ಡ್ ಸರಿಮಾಡಿ, ಮತ್ತೆ ಟೆಸ್ಟ್ ಮಾಡಿ, ಮರಳು ಚೀಲ ತುಂಬಿ ಟ್ರಯಲ್ ಓಡಿಸುವಷ್ಟರಲ್ಲಿ ರಜೆ ಶುರುವಾಗಿತ್ತು. ಉಳಿದ ರೈಡ್‌ಗಳು ಓಡುತ್ತಿದ್ದವು, ಇದೊಂದು ಆಮೇಲೆ ತೆರೆಯಿತು. ಮಾಲೀಕರಿಗೆ ಬೇಜಾರಿತ್ತು, ಆದರೂ ನಾನು ಕೇಳಿದ್ದನ್ನು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು: ಮೇಂಟೆನೆನ್ಸ್‌ನವರ ಸಹಿ ಇಲ್ಲದೆ ಯಾವ ರೈಡಿಗೂ ಪೇಂಟರ್ ಕೈಹಚ್ಚುವಂತಿಲ್ಲ.