ಪೊರಕೆ ಪಾಳಿಯ ಮೊಕದ್ದಮೆ

ಹದಿನಾಲ್ಕು ವರ್ಷದಿಂದ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದೇನೆ. 14ನೇ ವಿಧಿ ಸಮಾನತೆ, 17ನೇ ವಿಧಿ ಅಸ್ಪೃಶ್ಯತೆ ನಿಷೇಧ ಅಂತ ನಮ್ಮ ಮಕ್ಕಳು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದರು. ಮಧ್ಯಾಹ್ನ ಬಿಸಿಯೂಟಕ್ಕೆ ಮಾತ್ರ ಅವರವರ ಕೇರಿಯವರ ಪಕ್ಕವೇ ತಟ್ಟೆ. ಬೆಳಿಗ್ಗೆ ಸಂವಿಧಾನ ಪೀಠಿಕೆ ಓದಿಸಲು ಶುರುವಾದ ಮೇಲೂ ತಟ್ಟೆಗಳು ಜಾಗ ಬದಲಿಸಲಿಲ್ಲ.

ಮೊದಲು ಶಾಲಾ ಸಂಸತ್ತಿನ ಚುನಾವಣೆಯನ್ನು ಜೋರಾಗಿ ಮಾಡೋಣ ಅಂತ ಹೊರಟೆ. ಮತಪತ್ರ, ಏಜೆಂಟರು, ಪರದೆ ಎಲ್ಲಾ ಸೇರಿ ಎಂಟುನೂರು ರೂಪಾಯಿ ಕೈಬಿಟ್ಟಿತು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ ಅಂತ ಹೇಳಿದ್ದೇ ತಪ್ಪಾಯಿತು, ಮಕ್ಕಳಿಗೆ ಅದೇ ಬೇಕಾಯಿತು. ವಿಜ್ಞಾನ ಮೇಷ್ಟ್ರ ಹತ್ತಿರ ಸಿಲ್ವರ್ ನೈಟ್ರೇಟ್ ಇಸ್ಕೊಂಡು ನನ್ನ ಬೆರಳಿಗೇ ಹಚ್ಚಿ ನೋಡಿದೆ. ಬಿಸಿಲಿಗೆ ಕಪ್ಪಾಯಿತು, ಹತ್ತು ದಿನ ಹೋಗಲಿಲ್ಲ. ಜೊತೆಗೆ ಆರುನೂರರ ಬಿಳಿ ಅಂಗಿಯೂ ಹೋಯಿತು. ಕೊನೆಗೆ ಮಕ್ಕಳಿಗೆ ಹಚ್ಚಿದ್ದು ಸ್ಕೆಚ್ ಪೆನ್. ಚುನಾವಣೆ ಗೆದ್ದಿದ್ದು ಹಿಂದಿನ ದಿನ ಚಾಕಲೇಟು ಹಂಚಿದ ಹುಡುಗ. ದೊಡ್ಡವರ ಪ್ರಜಾಪ್ರಭುತ್ವ ಚೆನ್ನಾಗಿಯೇ ಕಲಿತಿದ್ದಾರೆ ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು.

ಮರುವರ್ಷ ದೂರು ಪೆಟ್ಟಿಗೆ ಇಟ್ಟೆ. ಬಡಗಿಗೆ ನಾನೂರು, ಬೀಗಕ್ಕೆ ಎಪ್ಪತ್ತೋ ಎಂಬತ್ತೋ. ತಿಂಗಳಲ್ಲಿ ಅರವತ್ತರ ಹತ್ತಿರ ಚೀಟಿ ಬಿದ್ದವು. ಮುಕ್ಕಾಲು ಪಾಲು 'ಅವಳು ಅವನ ಜೊತೆ ಮಾತಾಡ್ತಾಳೆ' ಅನ್ನೋ ಥರದವು. ಬುದ್ಧಿಗೇಡಿ ನಾನು, ಒಂದನ್ನು ಜೋರಾಗಿ ಓದಿಬಿಟ್ಟೆ. ಆ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಅವರ ಮನೆ ಬಾಗಿಲಲ್ಲಿ ನಿಂತು ಅವಳಮ್ಮನಿಗೆ ಏನು ಹೇಳಬೇಕೆಂದು ತೋಚದೆ ಒದ್ದಾಡಿದ್ದು ಇವತ್ತಿಗೂ ಚುಚ್ಚುತ್ತದೆ. ಪೆಟ್ಟಿಗೆ ಅಟ್ಟ ಸೇರಿತು.

ಅದನ್ನು ಮತ್ತೆ ಇಳಿಸಿದಾಗ ಒಂದೇ ಕಟ್ಟಳೆ: ಹೆಸರು ಹಿಡಿದು ದೂರುವಂತಿಲ್ಲ, ಶಾಲೆಯ ಯಾವುದಾದರೂ ಏರ್ಪಾಡಿನ ಮೇಲೆ ಮಾತ್ರ ದೂರಬಹುದು. ಮೈಮುಟ್ಟುವುದು, ಹೊಡೆಯುವುದು, ಹೆದರಿಸುವುದು ಈ ಪೆಟ್ಟಿಗೆಗೆ ಬರುವ ವಿಷಯವೇ ಅಲ್ಲ. ಅವನ್ನು ನೇರ ಮೇಡಂಗೆ ಹೇಳಬೇಕು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಗೋಡೆಗೇ ಬರೆಸಿದೆ. ಶುಕ್ರವಾರ ಕೊನೇ ಪಿರಿಯಡ್ಡು ವಿಚಾರಣೆ. ಚೀಟಿ ಎತ್ತಿ ಐವರು ನ್ಯಾಯಾಧೀಶರು. ಐವರೂ ಒಂದೇ ಕಡೆಯವರಾಗದಂತೆ ಚೀಟಿ ಎತ್ತಿಸೋಕೆ ಒಂದು ಕಸುಬಿದೆ, ಅದನ್ನಿಲ್ಲಿ ಬಿಚ್ಚಲಾರೆ.

ಮೂರನೇ ವಾರ ಬಂದ ಚೀಟಿ: 'ದಿನಾ ಕಸ ಗುಡಿಸೋದು ಹುಡುಗೀರೇ ಯಾಕೆ?' ನಾನು ಹುರುಪಿನಿಂದ ವಿಚಾರಣೆ ನಡೆಸಲು ಕುರ್ಚಿ ಎಳೆದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸಾರ್, ಪಾಳಿ ಪಟ್ಟಿ ಬರೆದಿದ್ದು ನೀವೇ. ನಿಮ್ಮ ಕೇಸಿಗೆ ನೀವೇ ಜಡ್ಜ್ ಆಗಂಗಿಲ್ಲ, ನೀವೇ ಹೇಳಿಕೊಟ್ಟಿದ್ದು."

ಕುರ್ಚಿ ಬಿಟ್ಟು ಕಟಕಟೆಗೆ, ಅಂದರೆ ಡಸ್ಟರ್ ಇಡುವ ಟೇಬಲ್ಲಿನ ಹಿಂದಕ್ಕೆ ಹೋಗಿ ನಿಂತೆ. ಹುಡುಗರು ಬೆಂಚು ಎತ್ತುತ್ತಾರಲ್ಲ, ಅದಕ್ಕೆ ಹಾಗೆ ಹಂಚಿದೆ ಅಂತ ವಾದಿಸಿದೆ. ಎದುರಿನ ವಕೀಲೆ ಎಂಟನೇ ಕ್ಲಾಸಿನವಳು. "ಬೆಂಚು ವರ್ಷಕ್ಕೆ ಎರಡು ಸಲ ಸಾರ್, ಕಸ ದಿನಾ." ಆಮೇಲೆ ಭೇದಭಾವ ಸಲ್ಲದು ಅನ್ನುವ 15ನೇ ವಿಧಿ ಓದಿದಳು. ಲಿಂಗ ಅನ್ನೋ ಪದ ಬಂದಾಗ ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದಳು. ಅಷ್ಟು ವರ್ಷ ಆ ವಿಧಿ ಪಾಠ ಮಾಡಿದವನಿಗೆ ನನ್ನದೇ ಕೈಬರಹದ ಪಟ್ಟಿ ಕಂಡಿರಲಿಲ್ಲ.

ತೀರ್ಪು ನಾಲ್ಕಕ್ಕೆ ಒಂದು. ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಪಾಳಿ, ಮೊದಲ ಶನಿವಾರ ನನ್ನದು. ಗುಡಿಸಿದೆ. ಮೂಲೆಯಲ್ಲಿ ಉಳಿದಿದೆ ಅಂತ ಎರಡನೇ ಸಲವೂ ಗುಡಿಸಿಸಿದರು.

ಸಹೋದ್ಯೋಗಿಗಳು ಮೊದಲಿನಿಂದಲೂ ಒಪ್ಪಿರಲಿಲ್ಲ. ಪಠ್ಯ ಮುಗಿಯಲ್ಲ, ಹುಡುಗರು ತಲೆ ಮೇಲೆ ಕೂರುತ್ತಾರೆ ಅಂದಿದ್ದರು. ಪಠ್ಯ ಒಂದು ವಾರ ತಡವಾಯಿತು, ನಿಜ. ವರ್ಷದ ಖರ್ಚು ಸಾವಿರದ ನಾನೂರರ ಆಸುಪಾಸು, ಎಲ್ಲ ಸ್ವಂತ ಜೇಬಿನದು. ಅಂಕಗಳು ಸರಾಸರಿ ಮೂರೋ ನಾಲ್ಕೋ ಏರಿದವು. ಇದರಿಂದಲೇ ಅಂತ ಆಣೆ ಮಾಡಲಾರೆ, ಆದರೆ ಈಗ ಪಕ್ಕದೂರಿನ ಇಬ್ಬರು ಮೇಷ್ಟ್ರು ಶುಕ್ರವಾರ ಬಂದು ಹಿಂದೆ ಕೂರುತ್ತಾರೆ. ಚೀಟಿ ಎತ್ತುವ ಕಸುಬು ಅವರಿಗೂ ಹೇಳಿಲ್ಲ.

ಹೊಸ ಪಾಳಿ ಶುರುವಾದ ಎರಡನೇ ವಾರ ಒಬ್ಬ ಅಪ್ಪ ಬೈಕು ನಿಲ್ಲಿಸಿದವರೇ ಒಳಗೆ ಬಂದರು. "ಏನ್ ಮೇಷ್ಟ್ರೆ, ನಮ್ ಹುಡುಗನ ಕೈಗೆ ಪೊರಕೆ ಕೊಟ್ಟಿದೀರಂತೆ?" ನಾನು ಏನೂ ಹೇಳದೆ ತೀರ್ಪಿನ ಪುಸ್ತಕ ಮುಂದಿಟ್ಟೆ. ಐದು ಸಹಿಗಳಲ್ಲಿ ಎರಡನೆಯದು ಅವರ ಮಗನದೇ, ಪಾಳಿ ಬದಲಾಗಲಿ ಎಂದ ನಾಲ್ವರಲ್ಲಿ ಒಬ್ಬ. ಬಹಳ ಹೊತ್ತು ನೋಡಿದರು. "ಇವನ ಸಹಿ ಇಷ್ಟು ಚೆನ್ನಾಗೈತಾ?" ಅಂದು ಹೊರಟರು.

ಬಿಸಿಯೂಟದ ಸಾಲು ಇನ್ನೂ ಪೂರಾ ಕಲೆತಿಲ್ಲ. ಅದರ ಮೇಲೆ ಇಲ್ಲಿಯವರೆಗೆ ಒಂದು ಚೀಟಿಯೂ ಬಿದ್ದಿಲ್ಲ. ನಾನೇ ಬರೆದು ಹಾಕೋಣ ಅಂತ ಎರಡು ಸಲ ಪೆನ್ನು ತೆಗೆದು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡಿದ್ದೇನೆ.