ಅಡಿಕೆ ತೋಟದಲ್ಲಿ ಮದುವೆ ಮಾಡುವವರಿಗೆ ಚಿಕ್ಕಪ್ಪನ ನಾಲ್ಕು ಮಾತು

ಅಣ್ಣನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಚಿಕ್ಕಪ್ಪ, ನನ್ನ ಮದುವೆ ದ್ರಾಕ್ಷಿ ತೋಟದಲ್ಲಿ ಆಗ್ಬೇಕು" ಅಂದಳು. ಜೊತೆಗೆ ನಂದಿಬೆಟ್ಟದ ಕಡೆಯ ಯಾವುದೋ ತೋಟದ ಫೋಟೊ ಬಂತು. ಹಸಿರು ಬಳ್ಳಿಯ ಸಾಲು, ನಡುವೆ ಬಿಳಿ ಕುರ್ಚಿ, ಸಂಜೆ ಬಿಸಿಲು. ಚೆಂದವೇ ಇತ್ತು. ಯಾವಾಗ ಅಂದೆ. ಏಪ್ರಿಲ್ ಅಂದಳು. ನನಗೆ ನಗು ಬಂತು. ನಮ್ಮ ರಾಜ್ಯದಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಆಗುತ್ತದೆ. ಏಪ್ರಿಲ್ ಬಂತೆಂದರೆ ಬಳ್ಳಿ ಸವರುವ ಚಾಟ್ನಿ. ಬಳ್ಳಿಯನ್ನು ಬೋಳು ಕಡ್ಡಿ ಆಗುವ ಹಾಗೆ ಕತ್ತರಿಸುತ್ತಾರೆ. ಫ್ರಾನ್ಸ್, ಇಟಲಿಯಲ್ಲಿ ವಸಂತಕ್ಕೆ ಬಳ್ಳಿ ಚಿಗುರಿದರೆ, ನಮ್ಮಲ್ಲಿ ಅದೇ ಹೊತ್ತಿಗೆ ಕತ್ತರಿ ಬೀಳುತ್ತದೆ.

"ಬೋಳು ಕಡ್ಡಿ ಮುಂದೆ ಹಾರ ಹಾಕ್ಕೊಳ್ತೀಯೇನೆ?" ಅಂದೆ. "ಬಳ್ಳಿಯೇ ಬೇಕು ಅಂದ್ರೆ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಇಲ್ವಾ? ಒಂದೊಂದು ಅಡಿಕೆ ಮರವನ್ನೂ ತಬ್ಬಿಕೊಂಡು ನಿಂತಿದೆ, ಬಾ."

ಹಾಗೆ ಸಾಗರದ ಹತ್ತಿರದ ನಮ್ಮ ಮನೆಯಲ್ಲೇ ಮದುವೆ ಆಯಿತು. 350 ಜನ ಬಂದಿದ್ದರು. ಈಗ ಗೊತ್ತಿದ್ದವರೆಲ್ಲ ಫೋನ್ ಮಾಡಿ "ಹೇಗೆ ಮಾಡಿದಿರಿ" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೋಟವನ್ನು ಕೇಳಿ, ಆಮೇಲೆ ಪುರೋಹಿತರನ್ನು. ಅಡಿಕೆ ಕೊಯ್ಲು ಮುಗಿಯುವಾಗ ಫೆಬ್ರುವರಿ ಆಗುತ್ತದೆ. ಅಲ್ಲಿಯವರೆಗೆ ಅಂಗಳ ನಿಮ್ಮದಲ್ಲ, ಅಡಿಕೆಯದ್ದು. ಒಂದು ಕಡೆ ಸುಲಿಯುವವರು, ಇನ್ನೊಂದು ಕಡೆ ಬೇಯಿಸುವ ಹಂಡೆ, ಮೇಲೆ ಅಟ್ಟದಲ್ಲಿ ಒಣಗುವ ಅಡಿಕೆ. ಆಮೇಲೆ ಮೆಣಸು ಕೊಯ್ಲು. ಅದೂ ಮುಗಿದು ಏಣಿ ಕೊಟ್ಟಿಗೆ ಸೇರಿದ ಮೇಲೆ ಮನೆಗೆ ಉಸಿರು ಬರುತ್ತದೆ. ಒಂದು ಲಾಭ ಇದೆ: ಅಡಿಕೆ ಅಟ್ಟವನ್ನು ಬಿಚ್ಚಬೇಡಿ. ಕಂಬ, ದಬ್ಬೆ ಎಲ್ಲ ಅಲ್ಲೇ ನಿಂತಿರುತ್ತದೆ. ಮೇಲೆ ಸೋಗೆ ಹೊದಿಸಿದರೆ ಮದುವೆ ಚಪ್ಪರ ಮುಕ್ಕಾಲು ಭಾಗ ಆದ ಹಾಗೆ. ಶಾಮಿಯಾನದವರಿಗೆ ಕೊಡುವ ದುಡ್ಡು ಉಳಿಯುತ್ತದೆ. ಸೋಗೆ ಚಪ್ಪರದ ಕೆಳಗೆ ತಂಪೂ ಜಾಸ್ತಿ.

ಇನ್ನು ಮಳೆ. ಮಾರ್ಚ್ ಕೊನೆಗೆ ರೇವತಿ, ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ" ಅಂತಾರೆ. ಧರಣಿ ಬೆಳೆಯಲಿ, ಆದರೆ ಆರತಕ್ಷತೆ? ನಮ್ಮ ಮುಹೂರ್ತ ಸಿಕ್ಕಿದ್ದೇ ಏಪ್ರಿಲ್ ಕೊನೆ ವಾರಕ್ಕೆ. ಬೆಳಿಗ್ಗೆ ಧಾರೆ ಚೆನ್ನಾಗಿ ಆಯಿತು. ಮಧ್ಯಾಹ್ನ ಸೆಖೆ. ಎಲೆ ಅಲ್ಲಾಡುತ್ತಿರಲಿಲ್ಲ. ನಾಲ್ಕು ಗಂಟೆಗೆ ಪಶ್ಚಿಮದಲ್ಲಿ ಕಪ್ಪಾಯಿತು. ನಾಲ್ಕೂವರೆಗೆ ಗಾಳಿ, ಹಿಂದೆಯೇ ಆಲಿಕಲ್ಲು. ಬೆಂಗಳೂರಿನ ಮಕ್ಕಳು ಆಲಿಕಲ್ಲು ಹೆಕ್ಕಲು ಅಂಗಳಕ್ಕೆ ಓಡಿದರು, ದೊಡ್ಡವರು ಮಕ್ಕಳ ಹಿಂದೆ ಓಡಿದರು, ಫೋಟೊದವನು ಕ್ಯಾಮೆರಾ ಅಪ್ಪಿಕೊಂಡು ಕೊಟ್ಟಿಗೆಗೆ ಓಡಿದ. ಕರೆಂಟು ಹೋಯಿತು. ಪೇಟೆಯಿಂದ ಬಾಡಿಗೆಗೆ ತಂದ ಜನರೇಟರ್ ಕೆಮ್ಮಿ ಕೆಮ್ಮಿ ನಿಂತಿತು. ಕೊನೆಗೆ ಜಗಲಿಯಲ್ಲಿ ಲಾಟೀನು, ದೀಪದ ಕಂಬ ಹಚ್ಚಿಟ್ಟು ಆರತಕ್ಷತೆ ಮಾಡಿದೆವು. ಅವತ್ತಿನ ಫೋಟೊಗಳಲ್ಲಿ ಅಣ್ಣನ ಮಗಳು ಕಟ್ಟು ಹಾಕಿಸಿದ್ದು ಆ ಲಾಟೀನು ಬೆಳಕಿನ ಒಂದನ್ನು ಮಾತ್ರ. ಆದರೂ ನಿಮಗೆ ಹೇಳುವುದು ಇಷ್ಟೇ: ಸಂಜೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಬೆಳಗಿನ ಮುಹೂರ್ತ, ಮಧ್ಯಾಹ್ನದ ಊಟ, ಮೂರು ಗಂಟೆಯೊಳಗೆ ಎಲ್ಲ ಮುಗಿಸಿ. ಜನರೇಟರನ್ನು ಹಿಂದಿನ ದಿನವೇ ತರಿಸಿ ಎರಡು ಗಂಟೆ ಓಡಿಸಿ ನೋಡಿ.

ಧಾರೆ ಮಂಟಪ ಅಂಗಳದಲ್ಲೇ ಇರಲಿ. ತೋಟದ ಒಳಗೆ ಬೇಡ. ಫೋಟೊದಲ್ಲಿ ಅಡಿಕೆ ಸಾಲು ಚೆಂದ ಕಾಣುತ್ತದೆ, ಕಾಲಿಟ್ಟಾಗ ಗೊತ್ತಾಗುತ್ತದೆ. ಸಾಲಿನ ಮಧ್ಯೆ ಬಸಿಗಾಲುವೆ, ಅದರ ಮೇಲೆ ಅಡಿಕೆ ದಬ್ಬೆಯ ಸಂಕ. ರೇಷ್ಮೆ ಸೀರೆ ಉಟ್ಟುಕೊಂಡು ಅದನ್ನು ದಾಟುವುದು ಯಾರಿಗೂ ಬೇಡ. ವಧು ವರರನ್ನು ಮಾತ್ರ ಬೆಳಿಗ್ಗೆ ಏಳೂವರೆ ಸುಮಾರಿಗೆ ತೋಟಕ್ಕೆ ಕಳಿಸಿ. ಆ ಹೊತ್ತಿನ ಬಿಸಿಲು ಮರಗಳ ಮಧ್ಯೆ ಕೋಲು ಕೋಲಾಗಿ ಇಳಿಯುತ್ತದೆ. ಅರ್ಧ ಗಂಟೆ ಸಾಕು. ಮರಕ್ಕೆ ಮೊಳೆ ಹೊಡೆಯುವವನನ್ನು ಮಾತ್ರ ತೋಟದೊಳಗೆ ಬಿಡಬೇಡಿ. ದೀಪದ ಸರವೋ ಬಟ್ಟೆಯೋ, ಏನೇ ಕಟ್ಟುವುದಿದ್ದರೂ ಬಾಳೆ ಪಟ್ಟೆಯಲ್ಲೇ ಕಟ್ಟಲಿ.

ಹೆಜ್ಜೇನಿನ ವಿಷಯ ಯಾರೂ ಮೊದಲು ಯೋಚಿಸುವುದಿಲ್ಲ. ಹೂವಿನ ಕಾಲ ಅದು, ದೊಡ್ಡ ಮರಗಳಲ್ಲಿ ತಟ್ಟಿ ಕಟ್ಟಿರುತ್ತವೆ. ಒಂದು ವಾರ ಮುಂಚೆ ಮನೆ ಸುತ್ತ ತಲೆ ಎತ್ತಿ ನೋಡಿಕೊಂಡು ಬನ್ನಿ. ತಟ್ಟಿ ಇದ್ದರೆ ಆ ಮರದ ಹತ್ತಿರ ಅಡುಗೆ ಒಲೆ ಹಾಕಬೇಡಿ. ಪಟಾಕಿ ಬೇಡವೇ ಬೇಡ. ಡ್ರೋನ್ ತರುತ್ತೇನೆ ಎಂದ ಫೋಟೊದವನಿಗೆ ನಾನು ಬೈನೆ ಮರದ ತಟ್ಟಿ ತೋರಿಸಿದೆ. ಡ್ರೋನ್ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ, ಅದೂ ಡಿಸೆಂಬರ್‌ನಿಂದ ಮೇ ತನಕದ ಒಣ ಕಾಲದಲ್ಲಿ. ಅಂದರೆ ಸರಿಯಾಗಿ ಮದುವೆ ಕಾಲ. ಹೊರಗಿನಿಂದ ಬಂದ ನೆಂಟರು "ಸುಮ್ನೆ ಕಾಡು ನೋಡ್ಕೊಂಡ್ ಬರ್ತೀವಿ" ಅಂತ ಉದುರಿದ ಎಲೆಯ ದರಗಿನ ಮೇಲೆ ಓಡಾಡಲು ಬಿಡಬೇಡಿ. ಅಲಂಕಾರಕ್ಕೆ ಕಾಡಿನ ಒಣ ಎಲೆ, ಸೊಪ್ಪು ತರಿಸಬೇಡಿ. ಆ ಚಳಿಗಾಲದಿಂದ ನಿಮ್ಮ ಸುತ್ತಮುತ್ತ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೌದು ಅಂದರೆ ಮದುವೆಯನ್ನು ಪೇಟೆಯ ಕಲ್ಯಾಣ ಮಂಟಪಕ್ಕೆ ಒಯ್ಯಿರಿ. ಅಷ್ಟೇ.

ಹೂವಿಗೆ ಬೆಂಗಳೂರಿನ ಮಾರುಕಟ್ಟೆ ಯಾಕೆ ಬೇಕು? ಮಾರ್ಚ್, ಏಪ್ರಿಲ್ ಸುರಗಿ ಕಾಲ. ನಸುಕಿನಲ್ಲಿ ಮೊಗ್ಗು ಕಿತ್ತು ಪೋಣಿಸಬೇಕು. ಒಣಗಿದರೂ ಅದರ ಪರಿಮಳ ಹೋಗುವುದಿಲ್ಲ. ಅಣ್ಣನ ಮಗಳ ಸುರಗಿ ದಂಡೆ ಇವತ್ತಿಗೂ ಅತ್ತಿಗೆಯ ಸೀರೆ ಪೆಟ್ಟಿಗೆಯಲ್ಲಿದೆ. ಮಂಟಪದ ನಾಲ್ಕು ಕಂಬಕ್ಕೆ ಹಿಂಗಾರ ಕಟ್ಟಿದರೆ ಬೇರೆ ಹೂವೇ ಬೇಡ. ಆದರೆ ಲೆಕ್ಕ ಇರಲಿ: ಒಂದು ಹಿಂಗಾರ ಕಿತ್ತರೆ ಮುಂದಿನ ಫಸಲಿನ ಒಂದು ಗೊನೆ ಹೋದ ಹಾಗೆ. ಅಲಂಕಾರದವರು ನಲವತ್ತು ಕೇಳಿದ್ದರು. ನಾನು ಕೊಟ್ಟದ್ದು ಎಂಟು, ಅದೂ ಕಡಿಯಬೇಕೆಂದಿದ್ದ ಮುದಿ ಮರಗಳಿಂದ.

ಫೋಟೊಗೆ ಹಿಂದೆ ಗೋಡೆ ಬೇಕು ಅಂತ ಪ್ಲಾಸ್ಟಿಕ್ ಹೂವಿನ ಪರದೆ ತರಿಸುತ್ತಾರೆ. ನಮ್ಮ ಊರಲ್ಲಿ ಹಸೆ ಚಿತ್ತಾರ ಇರುವಾಗ ಅದ್ಯಾಕೆ? ದೀವರ ಸಮುದಾಯದ ಹೆಂಗಸರು ಮದುವೆ ಮನೆ ಗೋಡೆಗೆ ಬರೆಯುವುದು ಅದನ್ನೇ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಒಂದು ತಿಂಗಳು ಮುಂಚೆಯೇ ಹೇಳಿ, ಮತ್ತೆ ಸಂಭಾವನೆಯಲ್ಲಿ ಚೌಕಾಸಿ ಮಾಡಬೇಡಿ. ಸೊಂಟ ಬಗ್ಗಿಸಿ ಎಳೆಯುವ ಗೆರೆ ಅದು. ಬಾಸಿಂಗವನ್ನೂ ಸಾಗರದ ಗುಡಿಗಾರರ ಹತ್ತಿರ ಬೆಂಡಿನದ್ದೇ ಮಾಡಿಸಿದೆವು. ಹೂವಿಗಿಂತ ಹಗುರ. ವರನಿಗೆ ಹಣೆ ತುರಿಸಲಿಲ್ಲವಂತೆ.

ಊಟಕ್ಕೆ ನೂರೆಂಟು ಬಗೆ ಬೇಡ. ಕಾಲ ಕೊಟ್ಟದ್ದನ್ನು ಬಡಿಸಿ. ಎಳೆ ಹಲಸಿನಕಾಯಿ ಪಲ್ಯ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಮಾವಿನಕಾಯಿ ಅಪ್ಪೆಹುಳಿ. ಅಪ್ಪೆಹುಳಿಯನ್ನು ಬೀಗರಿಗೆ ಸ್ವಲ್ಪ ನೋಡಿಕೊಂಡು ಬಡಿಸಿ. ನಮ್ಮ ಹುಬ್ಬಳ್ಳಿ ಬೀಗರು ಮೂರು ಲೋಟ ಕುಡಿದು ನಿದ್ದೆ ಹೋದವರು ಐದು ಗಂಟೆ ತನಕ, ಆಲಿಕಲ್ಲು ಬಿದ್ದರೂ ಏಳಲಿಲ್ಲ. ತೊಡೆದೇವು ಎಂಬ ಸಿಹಿ ಬೇಕಾದರೆ ಏಪ್ರಿಲ್‌ನಲ್ಲಿ ನೆನಪು ಮಾಡಿಕೊಂಡರೆ ಆಗುವುದಿಲ್ಲ. ಆಲೆಮನೆ ಇರುವಾಗಲೇ ಕಬ್ಬಿನ ಹಾಲಿನಲ್ಲಿ ಮಾಡಿಸಿ ಡಬ್ಬಿಗೆ ತುಂಬಿಡಬೇಕು. "ದ್ರಾಕ್ಷಿ ತೋಟ ಇಲ್ಲ ಅಂದ್ಮೇಲೆ ವೈನ್ ಕೂಡ ಇಲ್ವಾ?" ಅಂತ ವರನ ಸ್ನೇಹಿತರು ಕೇಳಿದರು. ಕಾಲು ಇರುವ ಗಾಜಿನ ಲೋಟದಲ್ಲಿ ಮುರುಗಲು ಪಾನಕ ಕೊಟ್ಟೆವು. ಬಣ್ಣ ಅದೇ ತಾನೇ.

ನೀರನ್ನು ಮರೆಯಬೇಡಿ. ಏಪ್ರಿಲ್‌ನಲ್ಲಿ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ದಾರದಷ್ಟು ಬರುತ್ತದೆ. ನಾವು 5,000 ಲೀಟರಿನ ಟ್ಯಾಂಕನ್ನು ಎರಡು ಸಲ ತುಂಬಿಸಿದೆವು, ಆದರೂ ಕೈ ತೊಳೆಯುವ ಕಡೆ ಕೊನೆಗೆ ಕೊಡಪಾನ ಹಿಡಿದು ನಿಲ್ಲಬೇಕಾಯಿತು. ಬಚ್ಚಲು, ಶೌಚಾಲಯ ಎಷ್ಟಿದೆ ಎಣಿಸಿ. ಹಳೆ ಮನೆಯಲ್ಲಿ ಎರಡಿರುತ್ತದೆ, ಕನಿಷ್ಠ ಆರು ಬೇಕು. ಕಾರು ನಿಲ್ಲಿಸಲು ಒಣ ಗದ್ದೆ ಚೆನ್ನಾಗಿದೆ. ಮಳೆ ಬಂದರೆ ಎಳೆಯಲು ಟ್ರ್ಯಾಕ್ಟರ್ ಇರುವವರನ್ನು ಮದುವೆಗೆ ತಪ್ಪದೆ ಕರೆಯಿರಿ. ರೈಲಿನಲ್ಲಿ ಬರುವವರಿಗೆ ತಾಳಗುಪ್ಪ ರೈಲು ಇದೆ, ಸಾಗರದಲ್ಲಿ ಇಳಿಯಲಿ. ಮಳೆಗಾಲದ ಜೋಗದ ನೂಕುನುಗ್ಗಲು ಆಗ ಇರುವುದಿಲ್ಲ, ಲಾಡ್ಜ್ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಊಟದ ಎಲೆ, ಬಾಳೆ ಕಂಬ, ತೋರಣ ಗೊಬ್ಬರ ಗುಂಡಿಗೆ. ಸೋಗೆಯನ್ನು ಬಿಚ್ಚಿ ಅಡಿಕೆ ಬುಡಕ್ಕೆ ಹಾಕಿ. ಬಾಡಿಗೆ ಕುರ್ಚಿಗಳನ್ನು ಎಣಿಸಿಯೇ ಲಾರಿ ಹತ್ತಿಸಿ. ನಮ್ಮದು ಎರಡು ಕಡಿಮೆ ಬಂತು. ಒಂದು ನಾಲ್ಕು ದಿನ ಬಿಟ್ಟು ಬಸಿಗಾಲುವೆಯಲ್ಲಿ ಸಿಕ್ಕಿತು. ಇನ್ನೊಂದರ ದುಡ್ಡು ಕಟ್ಟಿದೆ.